ಸೂರ್ಯನಿಗೆ ಬೆನ್ನು ಹಾಕಿ ಗ್ರಹಣ ನೋಡುವ ಬಗೆ

1980ರ ಫೆಬ್ರವರಿ 16, ಶನಿವಾರ. ಅಂದು ಮಧ್ಯಾಹ್ನ ಮೂರೂವರೆಯ ಅನಂತರ ಚಂದ್ರನ ನೆರಳು ಅರಬ್ಬೀ ಸಮುದ್ರವನ್ನು ದಾಟಿ ಬಂದು ಭಾರತದ ನೆಲವನ್ನು ಮೊದಲು ಮುಟ್ಟಿದ್ದು ನಮ್ಮ ಕಾರವಾರ–ಅಂಕೋಲಾ ಕರಾವಳಿಯಲ್ಲಿ. ಅಲ್ಲಿಂದ ಘಟ್ಟ ಹತ್ತಿ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದು, ಒಡಿಶಾದ ಪುರಿ–ಕೋನಾರ್ಕಗಳ ಬಳಿ ಅದು ಬಂಗಾಳ ಕೊಲ್ಲಿಗೆ ಇಳಿಯಿತು. ಆ ಖಗ್ರಾಸ ಸೂರ್ಯಗ್ರಹಣವನ್ನು ಅಭ್ಯಸಿಸಲು ವಿಜ್ಞಾನಿಗಳು ಹುಬ್ಬಳ್ಳಿಯ ಸಮೀಪದಲ್ಲಿಯೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿಯೂ ಬಿಡಾರ ಹೂಡಿದ್ದರು. ನಾವಾದರೋ ನೆರಳಿನ ನಡುದಾರಿಯಲ್ಲಿಯೇ, ಅಂಕೋಲೆಯ ಹತ್ತಿರದ ಅಜ್ಜಿಮನೆಯಲ್ಲಿ, ಬಾಗಿಲು ಹಾಕಿಕೊಂಡು ಕುಳಿತಿದ್ದೆವು. ಕಿಟಕಿಗಳಿಗೆ ಗೋಣಿಚೀಲ ಕಟ್ಟಲಾಗಿತ್ತು. “ತಮಾ, ಹೆರಗೆ ಹೋಗಡ” ಎಂದು ಅಜ್ಜಿ ಗಳಿಗೆಗೊಮ್ಮೆ ಎಚ್ಚರಿಸುತ್ತಿದ್ದಳು.

ಆದರೂ ಗ್ರಹಣ ಒಳಗೆ ಬಂದಿತ್ತು. ಪಡುವಣ ಮಾಡಿನಲ್ಲಿ ಒಂದು ಹಂಚು ಸರಿದು ಉಂಟಾಗಿದ್ದ ಸಣ್ಣ ಸಂದಿಯಿಂದ ಸಗಣಿ ಸಾರಿಸಿದ ನೆಲದ ಮೇಲೆ ಬೀಳುತ್ತಿದ್ದ ಬಿಸಿಲಿನ ಬಿಲ್ಲೆ, ದಿನವೂ ಎಂಟಾಣೆಯಂತೆ ದುಂಡಗಿರುತ್ತಿದ್ದುದು, ಅಂದು ಒಂದು ಬದಿಯಿಂದ ಕರಗುತ್ತ ಕರಗುತ್ತ ಹಲ್ಲುಗತ್ತಿಯ ಹಾಗೆ ಬಾಗಿ ತೆಳ್ಳಗಾಯಿತು, ಬಳಿಕ ಆರಿಹೋಯಿತು. ಎರಡೂವರೆ ನಿಮಿಷಕ್ಕೂ ಮೇಲ್ಪಟ್ಟು ಕಗ್ಗತ್ತಲೆಯಲ್ಲಿದ್ದೆವು. ಮತ್ತೆ ಬೆಳಕು ಬಂದಾಗ ಕತ್ತಿ ಇನ್ನೊಂದು ಬದಿಗೆ ಬಾಗಿತ್ತು. ಅದು ಸೂರ್ಯನದೇ ಬಿಂಬವೆಂಬುದು ನನಗೆ ತಿಳಿದದ್ದು ಹಲವು ವರ್ಷಗಳ ಅನಂತರ. ಆಕಾಶದಲ್ಲಿದ್ದ ಕರೋನವನ್ನು, ಅಂದರೆ ಮುಚ್ಚಿಹೋದ ಸೂರ್ಯನ ಸುತ್ತ ಹೊಳೆಯುವ ಪ್ರಭೆಯನ್ನು, ಕಳೆದುಕೊಂಡ ದುಃಖ ಇಂದಿಗೂ ಇದೆಯಾದರೂ, ಅಂದು ಮನೆಯವರಾರ ಕಣ್ಣಿಗೂ ಹಾನಿಯಾಗದ ಹಾಗೆ ಗ್ರಹಣವನ್ನು ತೋರಿಸಿದ್ದು ಆ ಸರಿದ ಹಂಚೇ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಆದ್ದರಿಂದ ಸೂರ್ಯನತ್ತ ಮುಖ ಮಾಡಿ ನೋಡುವ ಸಾಧನಗಳ ವಿಚಾರವನ್ನು ಮುಂದೆ ಬರೆಯುತ್ತೇನೆ; ಸೂರ್ಯನಿಗೆ ಬೆನ್ನು ಹಾಕಿ ನೋಡುವುದು ನನ್ನ ಮಟ್ಟಿಗೆ ಮೊದಲ ಪಾಠ.

ತೆಂಗಿನಕಾಯಿ, ಅಡಿಕೆ ಮತ್ತು ಏಳು ಮೊಳ

ಗ್ರಹಣ ಹೇಗಾಗುತ್ತದೆಂಬುದನ್ನು ಪಠ್ಯಪುಸ್ತಕದ ಚಿತ್ರದಿಂದ ತಿಳಿಯುವುದು ಕಷ್ಟ, ಏಕೆಂದರೆ ಆ ಚಿತ್ರಗಳಲ್ಲಿ ಸೂರ್ಯ, ಭೂಮಿ, ಚಂದ್ರ ಮೂರೂ ಒಂದೇ ಪುಟದಲ್ಲಿ ಒತ್ತೊತ್ತಾಗಿ ಕುಳಿತಿರುತ್ತವೆ. ಅಳತೆ ಸರಿಯಾಗಿರಬೇಕಾದರೆ ಅಂಗಳಕ್ಕೆ ಇಳಿಯಬೇಕು. ಸುಮಾರು 11 ಸೆಂಟಿಮೀಟರ್ ಅಗಲದ ಒಂದು ಸುಲಿದ ತೆಂಗಿನಕಾಯಿಯನ್ನು ಭೂಮಿಯೆಂದು ಇಟ್ಟುಕೊಂಡರೆ, ಚಂದ್ರನು 3 ಸೆಂಟಿಮೀಟರಿನ ಒಂದು ದೊಡ್ಡ ಅಡಿಕೆಯಾಗುತ್ತಾನೆ. ಆ ಅಡಿಕೆಯನ್ನು ಇಡಬೇಕಾದದ್ದು ಕಾಯಿಯ ಪಕ್ಕದಲ್ಲಿ ಅಲ್ಲ, ಅದರಿಂದ 3.3 ಮೀಟರ್, ಅಂದರೆ ಏಳು ಮೊಳಕ್ಕಿಂತ ತುಸು ಹೆಚ್ಚು ದೂರದಲ್ಲಿ. ಇದೇ ಅಳತೆಯಲ್ಲಿ ಸೂರ್ಯನು 12 ಮೀಟರ್ ಅಗಲದ ಒಂದು ಗೋಳ. ಅವನಿರುವುದು ಸುಮಾರು 1.3 ಕಿಲೋಮೀಟರ್ ಆಚೆ, ಕೇರಿ ದಾಟಿ ಪಕ್ಕದ ಊರಿನಲ್ಲಿ.

ಸೂರ್ಯನು ಚಂದ್ರನಿಗಿಂತ ಸುಮಾರು 400 ಪಟ್ಟು ಅಗಲವಾಗಿದ್ದಾನೆ. ಸರಿಸುಮಾರು ಅಷ್ಟೇ ಪಟ್ಟು ದೂರದಲ್ಲಿಯೂ ಇದ್ದಾನೆ. ಈ ಕಾಕತಾಳೀಯದಿಂದಾಗಿ ಎರಡೂ ಬಿಂಬಗಳು ನಮ್ಮ ಕಣ್ಣಿಗೆ ಅರ್ಧ ಡಿಗ್ರಿಯಷ್ಟೇ ಅಗಲವಾಗಿ ಕಾಣುತ್ತವೆ. ಅಮಾವಾಸ್ಯೆಯಂದು ಅಡಿಕೆಯು ಕಾಯಿಗೂ ಸೂರ್ಯನಿಗೂ ನಡುವೆ ನೇರವಾಗಿ ಬಂದರೆ ಅದರ ದಟ್ಟ ನೆರಳಿನ ತುದಿ ಕಾಯಿಯ ಮೇಲೆ ಬೀಳುತ್ತದೆ. ಆ ತುದಿ ಎಷ್ಟು ಚಿಕ್ಕದೆಂದರೆ, ನಮ್ಮ ತೆಂಗಿನಕಾಯಿಯ ಮೇಲೆ ಅದು ಒಂದು ಎಳ್ಳಿನ ಕಾಳಿನಷ್ಟು. ನಿಜವಾದ ಭೂಮಿಯ ಮೇಲೆ ಅದರ ಅಗಲ ಹೆಚ್ಚೆಂದರೆ 270 ಕಿಲೋಮೀಟರ್ ಆಸುಪಾಸು. ಎಷ್ಟೋ ಸಲ ಅದರ ಅರ್ಧವೂ ಇರುವುದಿಲ್ಲ. ಆ ಎಳ್ಳಿನೊಳಗೆ ಇದ್ದವರಿಗೆ ಮಾತ್ರ ಖಗ್ರಾಸ. ಅದರ ಸುತ್ತ ಹರಡಿರುವ ಮಸುಕು ನೆರಳಿನಲ್ಲಿ ಇದ್ದವರಿಗೆ ಖಂಡಗ್ರಾಸ. ಚಂದ್ರನು ತನ್ನ ಕಕ್ಷೆಯಲ್ಲಿ ದೂರ ಹೋಗಿದ್ದಾಗ ನೆರಳಿನ ತುದಿ ನೆಲ ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. ಆಗ ಚಂದ್ರಬಿಂಬವು ಸೂರ್ಯನನ್ನು ಪೂರ್ತಿ ಮುಚ್ಚಲಾರದೆ ಸುತ್ತಲೂ ಬೆಳಕಿನ ಬಳೆ ಉಳಿಯುವುದರಿಂದ ಅದು ಕಂಕಣ ಗ್ರಹಣ. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರು, ಕಾಸರಗೋಡುಗಳ ಕಡೆ ಕಂಡದ್ದು ಇದು. ಕಾರವಾರದವರಿಗೆ ಅಂದು ಬಳೆ ಕೂಡಿಕೊಳ್ಳಲಿಲ್ಲ, ದಪ್ಪ ಕೊಕ್ಕೆಯಷ್ಟೇ ದಕ್ಕಿತು.

ಒಂದೇ ಊರಿಗೆ ಖಗ್ರಾಸ ಸೂರ್ಯಗ್ರಹಣ ಮರಳಿ ಬರಲು ಸರಾಸರಿ 375 ವರ್ಷ ಬೇಕೆಂದು ಲೆಕ್ಕ ಹಾಕಿದ್ದಾರೆ. ಅಂಕೋಲೆಯಲ್ಲಿ ಗೋಣಿಚೀಲ ಕಟ್ಟಿಕೊಂಡು ಕುಳಿತ ನಮ್ಮ ನಷ್ಟ ಎಷ್ಟೆಂಬುದನ್ನು ಇದರಿಂದ ಊಹಿಸಬಹುದು.

ಹುಣ್ಣಿಮೆಯಂದು ಅಡಿಕೆ ಹಿಂದುಗಡೆಗೆ ಹೋಗುತ್ತದೆ. ಈಗ ಕಾಯಿಯ ನೆರಳು ಅಡಿಕೆಯ ಮೇಲೆ ಬೀಳಬೇಕು. ಭೂಮಿಯ ದಟ್ಟ ನೆರಳು ಚಂದ್ರನಿರುವ ದೂರದಲ್ಲಿಯೂ 9,000 ಕಿಲೋಮೀಟರಿಗಿಂತ ಅಗಲವಾಗಿರುವುದರಿಂದ, ಅಂದರೆ ಚಂದ್ರನ ಎರಡೂವರೆ ಪಟ್ಟಿಗೂ ಹೆಚ್ಚಿರುವುದರಿಂದ, ಚಂದ್ರನು ಅದರೊಳಗೆ ಒಂದು ಗಂಟೆಗೂ ಮೀರಿ ಮುಳುಗಿರಬಲ್ಲ. ಸೂರ್ಯಗ್ರಹಣದ ಪೂರ್ಣತೆಯಾದರೆ ಎಂದಿಗೂ ಏಳೂವರೆ ನಿಮಿಷವನ್ನು ಮೀರಿ ಹೋಗುವುದಿಲ್ಲ. ಚಂದ್ರನ ಮೇಲೆಯೇ ನೆರಳು ಬಿದ್ದಿರುವುದರಿಂದ, ಆಗ ಚಂದ್ರ ಕಾಣುವ ಅರ್ಧ ಭೂಗೋಳಕ್ಕೆಲ್ಲ ಒಂದೇ ಕ್ಷಣದಲ್ಲಿ ಒಂದೇ ನೋಟ ದೊರೆಯುತ್ತದೆ. ಬಳಕೆಯ ದೃಷ್ಟಿಯಿಂದ ಈ ಭೇದ ಮುಖ್ಯ: ಚಂದ್ರಗ್ರಹಣಕ್ಕೆ ಬೆಂಗಳೂರಿನ ಪಂಚಾಂಗದ ಹೊತ್ತು ಭಟ್ಕಳಕ್ಕೂ ಸರಿಯೇ, ಸೂರ್ಯಗ್ರಹಣಕ್ಕೆ ಸ್ಪರ್ಶ (ಹಿಡಿಯುವುದು), ಮಧ್ಯ, ಮೋಕ್ಷ (ಬಿಡುವುದು) ಇವುಗಳ ಹೊತ್ತನ್ನೂ ಗ್ರಾಸದ ಪ್ರಮಾಣವನ್ನೂ ನಿಮ್ಮ ಊರಿಗೇ ಲೆಕ್ಕ ಹಾಕಿದ್ದನ್ನು ನೋಡಿಕೊಳ್ಳಬೇಕು.

ಹಾಗಾದರೆ ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ಗ್ರಹಣವೇಕೆ ಇಲ್ಲ? ಚಂದ್ರನ ದಾರಿ ಭೂಮಿಯ ದಾರಿಗೆ ಐದು ಡಿಗ್ರಿಯಷ್ಟು ಓರೆಯಾಗಿದೆ. ಐದು ಡಿಗ್ರಿ ಎಂದರೆ ಅಲ್ಪವೆನಿಸುತ್ತದೆ, ಆದರೆ ನಮ್ಮ ಅಂಗಳದಲ್ಲಿ ಅಡಿಕೆಯು ಏಳು ಮೊಳ ದೂರದಲ್ಲಿ ಕಾಯಿಯ ಮಟ್ಟಕ್ಕಿಂತ 30 ಸೆಂಟಿಮೀಟರಿನಷ್ಟು ಮೇಲಕ್ಕೋ ಕೆಳಕ್ಕೋ ಹೋಗಿಬರುತ್ತದೆಂದು ಅದರ ಅರ್ಥ. ಹನ್ನೊಂದು ಸೆಂಟಿಮೀಟರಿನ ಕಾಯಿಯ ನೆರಳಿಗೆ ಅದು ತಪ್ಪಿಸಿಕೊಳ್ಳುವುದೇ ಸಹಜ. ಎರಡು ದಾರಿಗಳು ಒಂದನ್ನೊಂದು ಕತ್ತರಿಸುವ ಎರಡು ಬಿಂದುಗಳ ಸಮೀಪದಲ್ಲಿ ಅಮಾವಾಸ್ಯೆಯೋ ಹುಣ್ಣಿಮೆಯೋ ಒದಗಿದರೆ ಮಾತ್ರ ಗ್ರಹಣ. ಆ ಬಿಂದುಗಳನ್ನೇ ನಮ್ಮ ಪಂಚಾಂಗಗಳು ರಾಹು, ಕೇತು ಎಂದು ಕರೆಯುತ್ತವೆ. ಅವು ಹಿಮ್ಮುಖವಾಗಿ ಚಲಿಸುತ್ತ ಸುಮಾರು ಹದಿನೆಂಟೂವರೆ ವರ್ಷಕ್ಕೆ ಒಂದು ಸುತ್ತು ಮುಗಿಸುತ್ತವೆಂಬುದೂ ಪಂಚಾಂಗ ಬರೆಯುವವರಿಗೆ ಗೊತ್ತಿರುವ ಸಂಗತಿಯೇ. ಕ್ರಿ.ಶ. 499ರ ಹೊತ್ತಿಗೇ ಆರ್ಯಭಟನು ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ಬರೆದಿಟ್ಟಿದ್ದಾನೆ. ನುಂಗುವ ರಾಹುವಿನ ಕಥೆಯೂ ಗಣಿತದ ರಾಹುವೂ ಒಂದೇ ಮನೆಯಲ್ಲಿ ಹದಿನೈದು ಶತಮಾನಗಳಿಂದ ಜಗಳವಿಲ್ಲದೆ ವಾಸವಾಗಿರುವುದು ನನಗೆ ಯಾವಾಗಲೂ ಸೋಜಿಗದ ವಿಷಯ.

ಇನ್ನೊಂದು ಸ್ವಾರಸ್ಯವಿದೆ. ಸುಮಾರು 18 ವರ್ಷ, 11 ದಿನ, 8 ಗಂಟೆಗಳಿಗೊಮ್ಮೆ ಗ್ರಹಣಗಳು ಅದೇ ಕ್ರಮದಲ್ಲಿ ಮರಳುತ್ತವೆ. ಆ ಎಂಟು ಗಂಟೆಯಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುವುದರಿಂದ ಮರಳಿದ ಗ್ರಹಣ ಬೇರೆ ದೇಶಕ್ಕೆ ಬೀಳುತ್ತದೆ. ಮೂರು ಆವರ್ತನೆ ಮುಗಿದಾಗ ಮತ್ತೆ ನಮ್ಮ ದಿಕ್ಕಿಗೆ ಬರುತ್ತದೆ. 1980ರಲ್ಲಿ ಅಂಕೋಲೆಯ ಮೇಲೆ ಹಾದ ಗ್ರಹಣದ ಸಂತತಿ 1998ರಲ್ಲಿ ಕೆರಿಬಿಯನ್ ದ್ವೀಪಗಳಿಗೂ 2016ರಲ್ಲಿ ಇಂಡೋನೇಷ್ಯಾಕ್ಕೂ ಹೋಗಿಬಂದು, 2034ರ ಮಾರ್ಚ್ 20ರಂದು ಭಾರತಕ್ಕೆ ಮರಳಲಿದೆ. ಆದರೆ ಈ ಸಲ ದಾರಿ ಬಡಗಣಕ್ಕೆ ಸರಿದಿರುವುದರಿಂದ ಖಗ್ರಾಸದ ಭಾಗ್ಯ ಕಾಶ್ಮೀರ, ಲಡಾಖ್ ಕಡೆಯವರಿಗೆ, ನಮಗೆ ಖಂಡಗ್ರಾಸವಷ್ಟೇ.

ನೆರಳಿನಲ್ಲಿ ನೋಡುವುದು

ಸಣ್ಣ ರಂಧ್ರದ ಮೂಲಕ ಬಂದ ಬಿಸಿಲು ಸಾಕಷ್ಟು ದೂರದಲ್ಲಿ ಬಿದ್ದಾಗ, ರಂಧ್ರ ಯಾವ ಆಕಾರದ್ದೇ ಇರಲಿ, ಸೂರ್ಯನ ಆಕಾರವನ್ನು ತಾಳುತ್ತದೆ. ಸೋಗೆ ಹೊದಿಸಿದ ಚಪ್ಪರದ ಕೆಳಗೆ, ಹಲಸಿನ ಮರದ ಬುಡದಲ್ಲಿ, ಅಡಿಕೆ ತೋಟದ ಕಾಲುದಾರಿಯಲ್ಲಿ ದಿನವೂ ಬೀಳುವ ದುಂಡು ಬೆಳಕಿನ ಚುಕ್ಕಿಗಳೆಲ್ಲ ಸೂರ್ಯನ ಬಿಂಬಗಳೇ. ಗ್ರಹಣದ ಹೊತ್ತಿನಲ್ಲಿ ಅವು ಸಾವಿರಾರು ಕೊಕ್ಕೆಗಳಾಗಿ ಅಂಗಳವನ್ನೆಲ್ಲ ತುಂಬುತ್ತವೆ. ಇದಕ್ಕೆ ಏನೂ ಸಿದ್ಧತೆ ಬೇಡ. ಮರದ ನೆರಳಿರುವ, ಗುಡಿಸಿದ ನೆಲವೊಂದಿದ್ದರೆ ಸಾಕು. ಬಿಳಿ ಪಂಚೆಯನ್ನು ಹಾಸಿದರೆ ಇನ್ನೂ ಸ್ಪಷ್ಟ. ಮರವಿಲ್ಲದ ಕಡೆ ಅಡುಗೆಮನೆಯ ಜರಡಿಯನ್ನು ಬಿಸಿಲಿಗೆ ಹಿಡಿದರೂ ಆದೀತು. ತೀರ ಸಣ್ಣ ಕಣ್ಣಿನ ಹಿಟ್ಟಿನ ಜರಡಿ ಬೇಡ, ತೂತುಗಳು ಬಿಡಿಬಿಡಿಯಾಗಿರುವಂಥದ್ದು ಬೇಕು.

ಬಿಂಬ ದೊಡ್ಡದಾಗಬೇಕಾದರೆ ದೂರವನ್ನು ಹೆಚ್ಚಿಸಬೇಕು, ತೂತನ್ನಲ್ಲ. ತೂತಿನಿಂದ ಒಂದು ಮೀಟರ್ ದೂರದಲ್ಲಿ ಬಿಂಬ 9 ಮಿಲಿಮೀಟರ್, ಹತ್ತು ಮೀಟರ್ ದೂರದಲ್ಲಿ 9 ಸೆಂಟಿಮೀಟರ್. ಮಕ್ಕಳಿಗೆ ಶೂ ಪೆಟ್ಟಿಗೆಯಲ್ಲಿ ತೂತು ಕೊರೆದು ಕೊಡುವ ಪದ್ಧತಿ ಚೆನ್ನಾಗಿಯೇ ಇದೆ, ಆದರೆ ಅದರಲ್ಲಿ ಕಾಣುವ ಬಿಂಬ ಮೂರು ಮಿಲಿಮೀಟರೂ ಇರುವುದಿಲ್ಲವಾದ್ದರಿಂದ ಮಕ್ಕಳು ಬೇಸತ್ತು ತೂತಿನಲ್ಲೇ ಕಣ್ಣಿಟ್ಟು ಸೂರ್ಯನನ್ನು ನೋಡಲು ತೊಡಗುವ ಅಪಾಯವಿದೆ. ಅದಕ್ಕಿಂತ ಕನ್ನಡಿಯ ವಿಧಾನ ಲೇಸು.

ಅಂಗೈಯಗಲದ ಒಂದು ಚಪ್ಪಟೆ ಕನ್ನಡಿಯನ್ನು ತೆಗೆದುಕೊಳ್ಳಿ. ಕ್ಷೌರದ ಕನ್ನಡಿಗಳಲ್ಲಿ ಕೆಲವು ಮುಖವನ್ನು ದೊಡ್ಡದು ಮಾಡಿ ತೋರಿಸುತ್ತವೆ, ಅಂಥದ್ದು ಬೇಡ. ದಪ್ಪ ಕಾಗದದಲ್ಲಿ ಪೆನ್ಸಿಲ್ಲು ತೂರುವಷ್ಟು ದೊಡ್ಡ ತೂತು ಮಾಡಿ ಅದನ್ನು ಕನ್ನಡಿಗೆ ಅಂಟಿಸಿ. ಜಗುಲಿಯ ಬಿಸಿಲಿನಲ್ಲಿ ಕನ್ನಡಿಯನ್ನು ಇಟ್ಟು, ಬೆಳಕನ್ನು ತೆರೆದ ಬಾಗಿಲಿನಿಂದ ಒಳಗಿನ ಕತ್ತಲೆ ಕೋಣೆಯ ಬಿಳಿ ಗೋಡೆಗೆ ತಿರುಗಿಸಿ. ಗೋಡೆ ಹತ್ತು ಮೀಟರ್ ದೂರವಿದ್ದರೆ ಅಂಗೈಯಗಲದ ಸೂರ್ಯ ಅಲ್ಲಿ ಮೂಡುತ್ತಾನೆ, ಮನೆಮಂದಿಯೆಲ್ಲ ಬೆಂಚಿನ ಮೇಲೆ ಕುಳಿತು ನೋಡಬಹುದು. ಎಡ ಬಲ, ಮೇಲು ಕೆಳಗುಗಳು ಅದಲುಬದಲಾಗಿ ಕಂಡರೆ ಗಾಬರಿಪಡಬೇಕಾಗಿಲ್ಲ. ಪಾಲಿಸಬೇಕಾದ ನಿಯಮ ಒಂದೇ: ಕನ್ನಡಿಯೊಳಗೆ ಯಾರೂ ಇಣುಕಬಾರದು, ಆ ಬೆಳಕಿನ ದಾರಿಯಲ್ಲಿ ಯಾರ ಕಣ್ಣೂ ಬರಬಾರದು.

2019ರಲ್ಲಿ ನಾನು ಇದನ್ನು ಮಾಡಿದಾಗ ಕನ್ನಡಿಯನ್ನು ಕುರ್ಚಿಯ ಬೆನ್ನಿಗೆ ಒರಗಿಸಿಟ್ಟಿದ್ದೆ. ಬಿಂಬವು ಎರಡು ನಿಮಿಷಕ್ಕೊಮ್ಮೆ ತನ್ನ ಅಗಲದಷ್ಟು ಸರಿದು ಬಾಗಿಲ ಚೌಕಟ್ಟಿಗೆ, ಅಲ್ಲಿಂದ ದೇವರ ಪಟಕ್ಕೆ ಹತ್ತುತ್ತಿದ್ದುದರಿಂದ ಮತ್ತೆ ಮತ್ತೆ ಕುರ್ಚಿಯನ್ನು ಎಳೆದಾಡಬೇಕಾಯಿತು. ಒಂದು ಸಲ ಕನ್ನಡಿ ಜಾರಿ ಬಿದ್ದು ಮೂಲೆ ಒಡೆಯಿತು. ಭೂಮಿ ತಿರುಗುವುದನ್ನು ಅಷ್ಟು ಹತ್ತಿರದಿಂದ ಕಂಡದ್ದೇ ಲಾಭ. ಈಗ ಒಂದು ಬೋಗುಣಿಯಲ್ಲಿ ಸಮುದ್ರದ ಮರಳು ತುಂಬಿ ಅದರಲ್ಲಿ ಕನ್ನಡಿಯನ್ನು ಹೂಳುತ್ತೇನೆ. ಬೆರಳಿನಿಂದ ತುಸು ಒತ್ತಿದರೆ ಬೇಕಾದ ಕೋನಕ್ಕೆ ನಿಲ್ಲುತ್ತದೆ.

ನೇರವಾಗಿ ನೋಡಬೇಕೆಂದರೆ

ರೆಟಿನಾಕ್ಕೆ ನೋವು ತಿಳಿಯುವ ನರಗಳಿಲ್ಲ. ಸೂರ್ಯನನ್ನು ದಿಟ್ಟಿಸಿದವರಿಗೆ ಆ ಗಳಿಗೆಯಲ್ಲಿ ಏನೂ ಆದಂತೆ ಅನಿಸುವುದಿಲ್ಲ. ಕೆಲವು ಗಂಟೆಗಳ ಅನಂತರವೋ ಮರುದಿನವೋ ನೋಟದ ನಟ್ಟನಡುವೆ ಕಪ್ಪು ಚುಕ್ಕೆ ನಿಲ್ಲುತ್ತದೆ, ಅಕ್ಷರದ ಸಾಲುಗಳು ಸೊಟ್ಟಗೆ ಕಾಣುತ್ತವೆ, ಬಣ್ಣಗಳು ಮಾಸುತ್ತವೆ. ಗ್ರಹಣದ ದಿನದ ಸೂರ್ಯನಲ್ಲಿ ಬೇರೆ ಯಾವ ವಿಷಕಿರಣವೂ ಇಲ್ಲ. ಉಳಿದ ದಿನಗಳಲ್ಲಿ ಯಾರೂ ಅವನನ್ನು ದಿಟ್ಟಿಸುವುದಿಲ್ಲ, ಅಂದು ದಿಟ್ಟಿಸುತ್ತಾರೆ, ಅಷ್ಟೇ. ಶೇಕಡ ತೊಂಬತ್ತು ಮುಚ್ಚಿದ್ದರೂ ಉಳಿದ ಕೊಕ್ಕೆಯ ಪ್ರತಿಯೊಂದು ಚೂರೂ ಪೂರ್ಣ ಸೂರ್ಯನಷ್ಟೇ ಪ್ರಖರ.

ಸುರಕ್ಷಿತ ಗ್ರಹಣ ಕನ್ನಡಕವು ಒಂದು ಲಕ್ಷ ಪಾಲು ಬೆಳಕಿನಲ್ಲಿ ಸುಮಾರು ಮೂರು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. ಅದರ ಮೇಲೆ ಐಎಸ್‌ಒ 12312-2 ಎಂಬ ಮಾನದಂಡದ ಗುರುತು ಇರಬೇಕು. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದಾದ್ದರಿಂದ ನಂಬಿಕೆಯ ವಿಜ್ಞಾನ ಕೇಂದ್ರ ಅಥವಾ ಖಗೋಳ ಸಂಘಗಳ ಮೂಲಕ ತರಿಸುವುದು ಕ್ಷೇಮ. ಹಾಕಿಕೊಂಡು ಮನೆಯೊಳಗೆ ಸುತ್ತ ನೋಡಿದರೆ ಏನೂ ಕಾಣಬಾರದು. ಕುರ್ಚಿ, ಮೇಜುಗಳ ಗಡಿ ಕಂಡರೂ ಅದನ್ನು ಬಿಸಾಡಿ. ಬೆಳಗುವ ಬಲ್ಬಿನ ಎದುರು ಹಿಡಿದು ಸೂಜಿಮೊನೆಯಷ್ಟು ತೂತು, ಗೀರು, ಮಡಿಕೆಗಳಿವೆಯೇ ಎಂದು ಪರೀಕ್ಷಿಸಿ. ನಮ್ಮ ಕರಾವಳಿಯಲ್ಲಿ ಒಂದು ಮಳೆಗಾಲ ಕಪಾಟಿನಲ್ಲಿ ಕಳೆದ ಕಾಗದದ ಕನ್ನಡಕ ಹಲವು ಸಲ ಬೂಷ್ಟು ಹಿಡಿದು ಅಂಟು ಬಿಟ್ಟಿರುತ್ತದೆಂಬುದನ್ನು ಮರೆಯಬಾರದು. ತಲೆ ತಗ್ಗಿಸಿ ಕನ್ನಡಕ ಹಾಕಿಕೊಂಡು ಆಮೇಲೆ ತಲೆಯೆತ್ತಬೇಕು. ಮುಖ ತಿರುಗಿಸಿದ ಮೇಲೆಯೇ ತೆಗೆಯಬೇಕು. ದಿನವೂ ಧರಿಸುವ ಚಾಳೀಸನ್ನು ತೆಗೆಯದೆ ಅದರ ಮೇಲೆ ಹಿಡಿಯಬಹುದು.

ವೆಲ್ಡಿಂಗ್ ಗಾಜಾದರೆ 14ನೇ ನಂಬರಿನದೇ ಆಗಬೇಕು. ಸಾಮಾನ್ಯ ವೆಲ್ಡಿಂಗ್ ಕೆಲಸಕ್ಕೆ 10, 11ನೇ ನಂಬರಿನವೇ ಸಾಕಾಗುವುದರಿಂದ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಅವೇ. ಒಮ್ಮೆ ನಾನು ಕೇಳಿದಾಗ ಅಂಗಡಿಯವರು ನಂಬರಿಲ್ಲದ ಕಪ್ಪು ಗಾಜೊಂದನ್ನು ಕೊಟ್ಟು “ಎಲ್ಲಾ ಒಂದೇ ಸರ್” ಎಂದರು. ಎಲ್ಲವೂ ಒಂದೇ ಅಲ್ಲ. ನಂಬರು ಕೆತ್ತಿರದಿದ್ದರೆ ತೆಗೆದುಕೊಳ್ಳಬೇಡಿ.

ಚಿಮಣಿ ದೀಪದ ಮಸಿ ಹಿಡಿಸಿದ ಗಾಜು, ಎಕ್ಸ್‌ರೇ ಹಾಳೆ, ಹಳೆಯ ಫೋಟೋ ನೆಗೆಟಿವ್, ಸಿ.ಡಿ., ತಂಪು ಕನ್ನಡಕ ಇವೆಲ್ಲ ಕಣ್ಣಿಗೆ ಕಾಣುವ ಬೆಳಕನ್ನು ಮಂದಗೊಳಿಸಿ ಧೈರ್ಯ ಕೊಡುತ್ತವೆಯೇ ಹೊರತು ಕಾಣದ ಕಿರಣಗಳನ್ನು ನೆಚ್ಚುವಂತೆ ತಡೆಯುವುದಿಲ್ಲ. ಮಂದ ಬೆಳಕಿಗೆ ಪಾಪೆ ಹಿಗ್ಗುವುದರಿಂದ ಅಪಾಯ ಇನ್ನೂ ಹೆಚ್ಚು. ಇನ್ನು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಬಂದಿರುವ ಉಪಾಯ ಒಂದಿದೆ: ಹರಿವಾಣದಲ್ಲಿ ಸಗಣಿ ನೀರನ್ನೋ ಅರಿಸಿನದ ನೀರನ್ನೋ ಇಟ್ಟು ಅದರಲ್ಲಿ ಸೂರ್ಯನ ಪ್ರತಿಬಿಂಬವನ್ನು ನೋಡುವುದು. ಹಿರಿಯರು ನೇರವಾಗಿ ನೋಡಬಾರದೆಂದು ಅರಿತಿದ್ದರು ಎಂಬುದಕ್ಕೆ ಇದು ಸಾಕ್ಷಿ, ಅದಕ್ಕಾಗಿ ಗೌರವವಿದೆ. ಆದರೆ ಲೆಕ್ಕ ಒಪ್ಪುವುದಿಲ್ಲ. ನೀರಿನ ಮೇಲ್ಮೈ ನೆತ್ತಿಯ ಸೂರ್ಯನ ಬೆಳಕಿನಲ್ಲಿ ಶೇಕಡ ಎರಡರಷ್ಟನ್ನು ಪ್ರತಿಫಲಿಸುತ್ತದೆ, ಅಂದರೆ ಒಂದು ಲಕ್ಷದಲ್ಲಿ ಎರಡು ಸಾವಿರ ಪಾಲು. ಕನ್ನಡಕ ಬಿಡುವುದು ಮೂರು ಪಾಲು. ಸೂರ್ಯ ಇಳಿದಷ್ಟೂ ನೀರಿನ ಹೊಳಪು ಇನ್ನೂ ಏರುತ್ತದೆ. ಆ ಹರಿವಾಣವನ್ನು ಒನಕೆ ನಿಲ್ಲಿಸುವುದಕ್ಕೆ ಬಿಟ್ಟುಕೊಡಬಹುದು. ಬುಡ ಸಮನಾಗಿರುವ ಒನಕೆ ಗ್ರಹಣವಿಲ್ಲದ ದಿನವೂ ನಿಲ್ಲುತ್ತದೆ, ಮಾಡಿ ನೋಡಿ.

ಬೈನಾಕ್ಯುಲರ್, ದೂರದರ್ಶಕ, ಕ್ಯಾಮೆರಾಗಳಿಗೆ ಸೌರ ಶೋಧಕವನ್ನು, ಅಂದರೆ ಬಿಸಿಲನ್ನು ತಡೆಯುವ ಫಿಲ್ಟರನ್ನು, ಸೂರ್ಯನ ಕಡೆಗಿರುವ ಮುಂಭಾಗದಲ್ಲೇ ಕಟ್ಟಬೇಕು. ಗ್ರಹಣ ಕನ್ನಡಕ ಹಾಕಿಕೊಂಡು ಬೈನಾಕ್ಯುಲರಿನಲ್ಲಿ ಇಣುಕಿದರೆ, ಮಸೂರಗಳು ಒಟ್ಟುಗೂಡಿಸಿದ ಬಿಸಿಲು ಆ ಹಾಳೆಯನ್ನೇ ಸುಟ್ಟು ಕಣ್ಣಿಗೆ ನುಗ್ಗೀತು. ಅಗ್ಗದ ದೂರದರ್ಶಕಗಳ ಜೊತೆ ಬರುವ, ಕಣ್ಣಿನ ತುದಿಗೆ ತಿರುಪುವ ಕಪ್ಪು ಗಾಜು ಬಿಸಿಗೆ ಒಡೆಯುವಂಥದ್ದು, ಅದನ್ನು ಬಳಸಲೇಬಾರದು.

ಖಗ್ರಾಸದ ಪೂರ್ಣತೆಯ ನಿಮಿಷಗಳಲ್ಲಿ ಮಾತ್ರ ಬರಿಗಣ್ಣಿನಿಂದ ನೋಡಬಹುದು. ಮುಂದಿನ ಕೆಲವು ವರ್ಷಗಳಲ್ಲಿ ನಮ್ಮ ಜಿಲ್ಲೆಗೆ ಬರುವ ಯಾವ ಸೂರ್ಯಗ್ರಹಣವೂ ಖಗ್ರಾಸವಲ್ಲವಾದ್ದರಿಂದ ಇಲ್ಲಿ ಸ್ಪರ್ಶದಿಂದ ಮೋಕ್ಷದವರೆಗೂ ಕನ್ನಡಕ ಕಡ್ಡಾಯ. ತೆಳು ಮೋಡದ ಹಿಂದಿನ ಸೂರ್ಯ, ಕಡಲಿಗೆ ಇಳಿಯುವ ಸೂರ್ಯ ಇವೆರಡರ ವಿಷಯದಲ್ಲಿ ಜನ ಮೋಸ ಹೋಗುತ್ತಾರೆ. 2022ರ ಅಕ್ಟೋಬರ್ 25ರಂದು, ದೀಪಾವಳಿಯ ಅಮಾವಾಸ್ಯೆಗೆ, ಸಂಜೆ ಐದರ ಸುಮಾರಿಗೆ ಹಿಡಿದ ಗ್ರಹಣ ಬಿಡುವ ಮೊದಲೇ ಸೂರ್ಯ ಮುಳುಗಿದ. ಪಂಚಾಂಗದ ಮಾತಿನಲ್ಲಿ ಅದು ಗ್ರಸ್ತಾಸ್ತ. ಕೆಂಪಾದ ಬಿಂಬ ಕಣ್ಣಿಗೆ ತಂಪೆನಿಸಿದರೂ ಕನ್ನಡಕ ತೆಗೆಯುವ ಹೊತ್ತು ಅದಲ್ಲ.

ಯಾರಾದರೂ ನೋಡಬಾರದ ರೀತಿಯಲ್ಲಿ ನೋಡಿಬಿಟ್ಟು ದೃಷ್ಟಿಯಲ್ಲಿ ವ್ಯತ್ಯಾಸ ಕಂಡರೆ ನಂದಿಬಟ್ಟಲಿನ ರಸವನ್ನಾಗಲಿ ಎದೆಹಾಲನ್ನಾಗಲಿ ಕಣ್ಣಿಗೆ ಹಾಕದೆ ನೇತ್ರ ವೈದ್ಯರಲ್ಲಿಗೆ ಹೋಗಬೇಕು. ಅನೇಕರಲ್ಲಿ ತಿಂಗಳುಗಳು ಕಳೆದಂತೆ ನೋಟ ಸುಧಾರಿಸುತ್ತದೆ, ಎಲ್ಲರಲ್ಲಿಯೂ ಅಲ್ಲ. ಊಟದ ವಿಷಯ ಚುಟುಕಾಗಿ ಹೇಳುವುದಾದರೆ, ಗ್ರಹಣದಿಂದ ಅನ್ನ ಕೆಡುವುದಿಲ್ಲ, ಬಸುರಿಯರಿಗೆ ನೆರಳಿನಿಂದ ಕೇಡಿಲ್ಲ. ಉಪವಾಸವು ಅವರವರ ನಂಬಿಕೆಗೆ ಬಿಟ್ಟದ್ದು. ಸಕ್ಕರೆ ಕಾಯಿಲೆಯವರೂ ಗರ್ಭಿಣಿಯರೂ ದೀರ್ಘಕಾಲ ಹಸಿದಿರಬಾರದೆಂಬುದು ಮಾತ್ರ ವೈದ್ಯರ ಮಾತು.

ಚಂದ್ರಗ್ರಹಣಕ್ಕೆ ಅಂಗಳವೇ ಸಾಕು

ಚಂದ್ರಗ್ರಹಣವನ್ನು ಬರಿಗಣ್ಣಿನಿಂದಲೋ ಬೈನಾಕ್ಯುಲರಿನಿಂದಲೋ ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಮೊದಲು ಚಂದ್ರನು ಮಸುಕು ನೆರಳನ್ನು ಹೊಗುತ್ತಾನೆ. ಆ ಹಂತದಲ್ಲಿ ಬಹಳ ಜನರಿಗೆ ಏನೂ ತಿಳಿಯುವುದಿಲ್ಲ. ದಟ್ಟ ನೆರಳಿನ ಸ್ಪರ್ಶವಾದ ಮೇಲೆ ಕಚ್ಚಿದ ಗುರುತು ಬೆಳೆಯತೊಡಗುತ್ತದೆ. ಆ ಕಚ್ಚಿನ ಅಂಚು ಯಾವಾಗಲೂ ದುಂಡಗೇ ಇರುತ್ತದೆ; ಭೂಮಿ ಗುಂಡಗಿದೆಯೆಂಬುದಕ್ಕೆ ಅರಿಸ್ಟಾಟಲನು ಕೊಟ್ಟ ಪುರಾವೆಗಳಲ್ಲಿ ಇದೂ ಒಂದು. ಪೂರ್ತಿ ಮುಳುಗಿದ ಚಂದ್ರ ಮಾಯವಾಗದೆ ತಾಮ್ರದ ತಂಬಿಗೆಯ ಬಣ್ಣಕ್ಕೆ ತಿರುಗುವುದು ಭೂಮಿಯ ವಾತಾವರಣದಿಂದಾಗಿ. ಅದರ ಅಂಚಿನಲ್ಲಿ ನುಸುಳಿ ಬಾಗಿದ ಬೆಳಕಿನಲ್ಲಿ ನೀಲಿ ಚದುರಿಹೋಗಿ ಕೆಂಪು ಮಾತ್ರ ಉಳಿಯುತ್ತದೆ. ಆ ಗಳಿಗೆಯಲ್ಲಿ ಭೂಮಿಯ ಸುತ್ತ ಎಲ್ಲೆಲ್ಲಿ ಸೂರ್ಯೋದಯ, ಸೂರ್ಯಾಸ್ತಗಳು ನಡೆಯುತ್ತಿವೆಯೋ ಅವೆಲ್ಲದರ ಬೆಳಕು ಅಲ್ಲಿ ಬಿದ್ದಿರುತ್ತದೆ. ಪಿನಟುಬೊ ಜ್ವಾಲಾಮುಖಿ 1991ರಲ್ಲಿ ಸಿಡಿದು ಧೂಳನ್ನು ಮೇಲಕ್ಕೆಸೆದ ಅನಂತರ, 1992ರ ಡಿಸೆಂಬರಿನ ಗ್ರಹಣದಲ್ಲಿ ಚಂದ್ರ ತೀರ ಕಪ್ಪಾಗಿ ಕಂಡ.

ಸ್ಥಳದ ಆಯ್ಕೆಯಲ್ಲಿ ನಮ್ಮ ಜಿಲ್ಲೆಗೆ ತನ್ನದೇ ತೊಡಕುಗಳಿವೆ. ಕಾರವಾರ, ಗೋಕರ್ಣ, ಮುರುಡೇಶ್ವರಗಳ ಕಡಲ ತೀರ ಪಶ್ಚಿಮಕ್ಕೆ ತೆರೆದಿರುವುದರಿಂದ ಸಂಜೆಯ ಸೂರ್ಯನಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಗ್ರಸ್ತೋದಯವಾಗುವ, ಅಂದರೆ ಗ್ರಹಣ ಹಿಡಿದೇ ಮೂಡುವ, ಚಂದ್ರನನ್ನು ಅಲ್ಲಿ ಕಾಯುವವರಿಗೆ ಪೂರ್ವದ ಸಹ್ಯಾದ್ರಿ ಅಡ್ಡ. ಅಂಥ ದಿನ ಕಾಳಿ ನದಿಯ ದಂಡೆಯ ಸದಾಶಿವಗಡದ ಗುಡ್ಡವನ್ನು ಹತ್ತುವುದು ವಾಸಿ. ಅಲ್ಲಿಂದ ಎರಡೂ ಕಡೆ ಬಿಚ್ಚಿಕೊಳ್ಳುತ್ತದೆ. ಶಿರಸಿ, ಸಿದ್ದಾಪುರಗಳ ತೋಟದ ಕಣಿವೆಗಳಲ್ಲಿ ಆಕಾಶ ಒಂದು ಕೊಡೆಯಷ್ಟೇ ಕಾಣುವುದರಿಂದ ಮೇಲಿನ ಬೇಣಕ್ಕೆ ನಡೆಯಬೇಕು. ಮಾಗಿಯ ಬೆಳಗಾದರೆ ಮಂಜು ಏಳುವ ತನಕ ಸೂರ್ಯಗ್ರಹಣದ ಆರಂಭ ಕೈತಪ್ಪೀತೆಂದು ಮೊದಲೇ ತಿಳಿದಿರಬೇಕು. ಕಡಲಿನಲ್ಲಿ ಗ್ರಹಣಸ್ನಾನಕ್ಕೆ ಇಳಿಯುವವರು, ಬಂಡೆಯ ಮೇಲೆ ನಿಂತು ಚಿತ್ರ ತೆಗೆಯುವವರು ಗಮನಿಸಬೇಕಾದದ್ದು: ಗ್ರಹಣವಾಗುವುದು ಅಮಾವಾಸ್ಯೆ, ಹುಣ್ಣಿಮೆಗಳಲ್ಲೇ ಆದ್ದರಿಂದ ಅಂದಿನ ಉಬ್ಬರ ಯಾವಾಗಲೂ ದೊಡ್ಡದು.

ಮಳೆಗಾಲದ ಗ್ರಹಣಗಳ ಬಗೆಗೆ ಹೆಚ್ಚು ಆಸೆ ಬೇಡ. 2025ರ ಸೆಪ್ಟೆಂಬರ್ 7ರ ರಾತ್ರಿ ಹನ್ನೊಂದರಿಂದ 82 ನಿಮಿಷ ಚಂದ್ರ ಪೂರ್ತಿ ಮುಳುಗಿದ್ದ. ಅಂಥ ರಾತ್ರಿಯಲ್ಲಿಯೂ ನಮ್ಮ ಕಡೆ ಮೋಡದ ಕಿಂಡಿಗೆ ಕಾಯುವುದೇ ಕೆಲಸ. 2027ರ ಆಗಸ್ಟ್ 2ರಂದು, ಆಷಾಢದ ಅಮಾವಾಸ್ಯೆಗೆ, ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷ ಮೀರುವ ಖಗ್ರಾಸ ಗ್ರಹಣ ನಮಗೆ ಸಂಜೆಯ ಖಂಡಗ್ರಾಸ. ಕನ್ನಡಕ ಸಿದ್ಧವಿಟ್ಟುಕೊಂಡು ಕೊಡೆಯನ್ನೂ ಒಯ್ಯಿರಿ. ಆದರೆ 2028ರ ಡಿಸೆಂಬರ್ 31ರ ರಾತ್ರಿಯನ್ನು ಈಗಲೇ ಬರೆದಿಟ್ಟುಕೊಳ್ಳಬಹುದು. ಒಣ ಹವೆಯ ಕಾಲ, ಚಂದ್ರ ನೆತ್ತಿಯ ಕಡೆಗೆ ಏರುತ್ತಿರುವ ಹೊತ್ತು. 8 ಗಂಟೆ 38 ನಿಮಿಷದ ಸುಮಾರಿಗೆ ಕೆಳಗಂಚಿನಿಂದ ಕಚ್ಚು ಶುರುವಾಗಿ, 9.46ರಿಂದ 10.58ರವರೆಗೆ ಚಂದ್ರ ಪೂರ್ತಿ ತಾಮ್ರವರ್ಣಕ್ಕೆ ಹೋಗಿ, ಹೊಸ ವರ್ಷ ಹುಟ್ಟಿದ ಕೆಲವು ನಿಮಿಷಗಳಲ್ಲಿ ಮೋಕ್ಷ. ಕಡಲ ತೀರದ ಪಟಾಕಿ, ದೀಪಗಳಿಂದ ದೂರ, ಗದ್ದೆಯ ಬಯಲಿಗೆ ಹೋಗಿ. ಪೂರ್ಣತೆಯಲ್ಲಿ ಹುಣ್ಣಿಮೆಯ ಬೆಳಕು ಅಡಗಿ ನಕ್ಷತ್ರಗಳೆಲ್ಲ ಹೊರಬರುವುದನ್ನು ನೋಡಲು ಕತ್ತಲೆ ಬೇಕು.

ಇನ್ನು ಹಂಚಿನ ಮನೆಯವರಿಗೆ 2031ರ ಮೇ 21. ಅಂದು ಕೇರಳದ ದಕ್ಷಿಣ ಭಾಗ ಮತ್ತು ತಮಿಳುನಾಡಿನ ಮೇಲೆ ಕಂಕಣ ಗ್ರಹಣ. ನಮ್ಮಲ್ಲಿ ದೊಡ್ಡ ಖಂಡಗ್ರಾಸ, ನಡುಮಧ್ಯಾಹ್ನ ಒಂದರ ಆಸುಪಾಸಿಗೆ ಮಧ್ಯಕಾಲ. ಸೂರ್ಯ ನೆತ್ತಿಯ ಬಳಿಯೇ ಇರುವುದರಿಂದ ಕನ್ನಡಿಯೂ ಬೇಡ. ಮಾಡಿನ ಗಾಜಿನ ಹಂಚಿನ ಕೆಳಗೆ ಒಂದು ರಟ್ಟನ್ನು ಕಟ್ಟಿ, ಅದರ ನಡುವೆ ಪೆನ್ಸಿಲ್ಲಿಗಿಂತ ಸಣ್ಣ ತೂತು ಮಾಡಿ, ಉಳಿದ ಸಂದಿಗಳನ್ನು ಗೋಣಿಚೀಲದಿಂದ ಮುಚ್ಚಿದರೆ, ನಾಲ್ಕು ಮೀಟರ್ ಕೆಳಗಿನ ನೆಲದ ಮೇಲೆ ಮೂರೂವರೆ ಸೆಂಟಿಮೀಟರಿಗೂ ಮೀರಿದ ಸೂರ್ಯ ಬೀಳುತ್ತಾನೆ. ಬಿಂಬ ಬಿದ್ದಲ್ಲಿ ಒಂದು ಬಿಳಿ ಹಾಳೆಯನ್ನಿಟ್ಟು, ಹತ್ತು ನಿಮಿಷಕ್ಕೊಮ್ಮೆ ಅದರ ಅಂಚನ್ನು ಪೆನ್ಸಿಲ್ಲಿನಿಂದ ತಿದ್ದಿ ಹೊತ್ತು ಬರೆಯುತ್ತ ಹೋಗಿ; ಬಿಂಬ ಸರಿದಂತೆ ಹಾಳೆಯನ್ನೂ ಸರಿಸಬೇಕು.